ಯಾತ್ರೆ ಮುಗಿಸಿ ಬಂದಾಗ ಚಿಲಕ ಕಿತ್ತಿತ್ತು

ಓದುಗರ ಪ್ರಶ್ನೆ, ನಮ್ಮ ಉತ್ತರ

ಊರಿಗೆ, ಯಾತ್ರೆಗೆ ಹೋಗಿ ಬರುವಷ್ಟರಲ್ಲಿ ಮನೆ ಕಳವಾದವರ ಪತ್ರಗಳು ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆಯಿಂದ ಬಂದಿವೆ. ಬರೆದವರು ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪೊಲೀಸ್ ಮತ್ತು ಕೋರ್ಟು ಕೆಲಸ, ವಿಮೆ, ಬಡಗಿ ಕೆಲಸ ಬಲ್ಲವರ ಜೊತೆ ಕೂತು ಈ ಉತ್ತರಗಳನ್ನು ಬರೆದಿದ್ದೇವೆ.

ಪ್ರಶ್ನೆ: ಒಂಬತ್ತು ದಿನ ಕಾಶಿ, ಪ್ರಯಾಗ, ಅಯೋಧ್ಯೆ ನೋಡಿಕೊಂಡು ಬೆಳಗಿನ ಜಾವ ಮನೆಗೆ ಬಂದೆವು. ಮುಂಬಾಗಿಲ ಚಿಲಕ ಕಿತ್ತು ನೇತಾಡುತ್ತಿತ್ತು. ಬೀರು ಒಡೆದಿದ್ದಾರೆ. ರೈಲಿನಲ್ಲಿ ಯಾರಾದರೂ ಕಿತ್ತುಕೊಂಡಾರು ಅಂತ ಮಾಂಗಲ್ಯದ ಸರ ಮನೆಯಲ್ಲೇ ಬಿಟ್ಟು ಅರಿಶಿನ ದಾರದಲ್ಲಿ ಹೋಗಿದ್ದೆ, ಅದೂ ಹೋಯಿತು. ಗಾಬರಿಯಲ್ಲಿ ದೂರಿನಲ್ಲಿ ‘ಸುಮಾರು 80 ಗ್ರಾಂ ಚಿನ್ನ, ಸ್ವಲ್ಪ ಬೆಳ್ಳಿ, ನಗದು’ ಅಂತಷ್ಟೇ ಬರೆದುಕೊಟ್ಟಿದ್ದೇವೆ. ಇದು ಸಾಕಾ? ಕಾಶಿ ಸಮಾರಾಧನೆ ಇಟ್ಟುಕೊಂಡಿದ್ದೆವು, ಅದನ್ನೂ ನಿಲ್ಲಿಸಬೇಕಾ?
— ಗೃಹಿಣಿ, ಎಸ್‌.ಐ.ಟಿ. ಬಡಾವಣೆ, ತುಮಕೂರು

ಉತ್ತರ: ಸಾಲದು. ಆದರೆ ಕೆಟ್ಟಿಲ್ಲ, ಸರಿಪಡಿಸಬಹುದು. ದೂರು ಕೊಟ್ಟ ಠಾಣೆಗೇ ಹೋಗಿ ಎಫ್‌ಐಆರ್ ನಂಬರು ತಿಳಿಸಿ, ಮರುಹೇಳಿಕೆ ಕೊಡುತ್ತೇವೆ ಎಂದು ಹೇಳಿ. ವಸ್ತುಗಳ ಪಟ್ಟಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಠಾಣೆಯ ಸೀಲು, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. ಗಾಬರಿ ಇಳಿದ ಮೇಲೆ ನೆನಪಾಗುವ ವಸ್ತುಗಳು ಎಲ್ಲರ ಮನೆಯಲ್ಲೂ ಇರುತ್ತವೆ, ಪೊಲೀಸರಿಗೂ ಅದು ಗೊತ್ತು. ಆದರೆ ಎರಡು ತಿಂಗಳು ಬಿಟ್ಟು ಸೇರಿಸಿದರೆ ಯಾಕೆ ತಡ ಎಂಬ ಪ್ರಶ್ನೆ ಏಳುತ್ತದೆ. ಒಂದು ವಾರದೊಳಗೆ ಮುಗಿಸಿಬಿಡಿ.

ಪಟ್ಟಿಯನ್ನು ಒಟ್ಟು ತೂಕದಲ್ಲಿ ಬರೆಯಬಾರದು, ಒಂದೊಂದೇ ಒಡವೆಯಾಗಿ ಬರೆಯಬೇಕು. ‘ಎರಡೆಳೆ ಮಾಂಗಲ್ಯದ ಸರ, 2 ತಾಳಿ, 4 ಗುಂಡು, ನಡುನಡುವೆ ಕರಿಮಣಿ, ಕೊಕ್ಕೆಯ ಹತ್ತಿರ ಒಮ್ಮೆ ಬೆಸೆದ ಗುರುತು, 32 ಗ್ರಾಂ’ ಅಂದರೆ ಅದು ಗುರುತು. ‘ಚಿನ್ನದ ಸರ’ ಅಂದರೆ ನಾಳೆ ಠಾಣೆಯ ಮೇಜಿನ ಮೇಲೆ ಇಪ್ಪತ್ತು ಸರ ಹರಡಿದಾಗ ಯಾವುದನ್ನು ನಿಮ್ಮದೆನ್ನುತ್ತೀರಿ? ಸೊಟ್ಟಗಾದ ಕೊಂಡಿ, ಉದುರಿದ ಹರಳು, ಒಳಗೆ ಕೊರೆಸಿದ ಅಕ್ಷರ, ಅಂಗಡಿಯ ಮುದ್ರೆ ಎಲ್ಲವನ್ನೂ ಬರೆಯಿರಿ. ಬೆಳ್ಳಿಯಲ್ಲಿ ದೀಪದ ಕಂಬ, ಕುಂಕುಮದ ಭರಣಿ, ಪಂಚಪಾತ್ರೆ, ಕಾಲುಗೆಜ್ಜೆ ಬೇರೆ ಬೇರೆ. ನಗದಾದರೆ ಯಾವ ಬೆಲೆಯ ನೋಟು ಎಷ್ಟು, ಎಲ್ಲಿಂದ ಬಂದ ಹಣ ಎಂಬುದನ್ನೂ ಬರೆಯಿರಿ. ಬ್ಯಾಂಕಿನಿಂದ ತೆಗೆದದ್ದಾದರೆ ಪಾಸ್‌ಬುಕ್ಕಿನ ಆ ಪುಟದ ಪ್ರತಿ ಜೋಡಿಸಿ. ಹೇಗೂ ಹೋಗಿದೆಯಲ್ಲ ಎಂದು ಗ್ರಾಂ ಹೆಚ್ಚಿಸಬೇಡಿ. ಮಾಲು ಸಿಕ್ಕಾಗ ತೂಕ ತಾಳೆಯಾಗದಿದ್ದರೆ ನಿಜವಾದ ವಸ್ತುವಿನ ಮೇಲೂ ಅನುಮಾನ ಬರುತ್ತದೆ.

ಇನ್ನೊಂದು, ನಿಮ್ಮ ಪ್ರಯಾಣದ ಕಾಗದಗಳನ್ನು ಎಸೆಯಬೇಡಿ. ಮನೆ ಯಾವಾಗಿನಿಂದ ಯಾವಾಗಿನವರೆಗೆ ಖಾಲಿಯಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಹೋದ, ಬಂದ ರೈಲು ಟಿಕೆಟು, ಕಾಶಿಯ ಛತ್ರದ ರಸೀದಿ, ಕಾರಿನಲ್ಲಿ ಬಂದಿದ್ದರೆ ಕ್ಯಾತಸಂದ್ರ ಟೋಲಿನಲ್ಲಿ ಫಾಸ್‌ಟ್ಯಾಗ್‌ನಿಂದ ಹಣ ಕಡಿತವಾದ ಸಂದೇಶ, ಇವೆಲ್ಲದರ ಪ್ರತಿ ಕೊಡಿ. ಇನ್ನು ಈ ಅವಧಿಯನ್ನು ಚಿಕ್ಕದು ಮಾಡಬೇಕು. ಚಿಲಕ ಸರಿಯಾಗಿದ್ದದ್ದನ್ನು ಕೊನೆಯ ಸಲ ನೋಡಿದವರು ಯಾರು? ಹಾಲು ಹಾಕುವವರು, ಪೇಪರ್ ಹುಡುಗ, ನಲ್ಲಿ ನೀರು ಬಿಡುವವರು, ಎದುರುಮನೆಯವರು, ಒಬ್ಬೊಬ್ಬರನ್ನೇ ಕೇಳಿ. ಒಂಬತ್ತು ದಿನದ ಕ್ಯಾಮೆರಾ ದೃಶ್ಯ ನೋಡಲು ಯಾರಿಗೂ ಆಗುವುದಿಲ್ಲ, ಒಂದು ರಾತ್ರಿಯದ್ದಾದರೆ ಆಗುತ್ತದೆ. ಕಾನೂನಿನಲ್ಲೂ ಹೊತ್ತಿಗೆ ಬೆಲೆಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 331ನೇ ಕಲಮಿನಲ್ಲಿ ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ಕಳವಿಗಾಗಿ ಮನೆ ಒಡೆದರೆ 14 ವರ್ಷದವರೆಗೆ ಶಿಕ್ಷೆ ಇದೆ, ಹಗಲಲ್ಲಾದರೆ 10 ವರ್ಷದವರೆಗೆ. ವಾಸದ ಮನೆಯಲ್ಲಿ ಮಾಡಿದ ಕಳವಿಗೆ 305ನೇ ಕಲಮು, 7 ವರ್ಷದವರೆಗೆ. ನಿಮ್ಮ ಎಫ್‌ಐಆರ್‌ನಲ್ಲಿ ಈ ಎರಡೂ ಇವೆಯೇ ನೋಡಿ.

ಅಕ್ಕಪಕ್ಕದ ಅಂಗಡಿ, ಮನೆಗಳ ಕ್ಯಾಮೆರಾಗಳ ವಿಷಯ ಇವತ್ತೇ ನೋಡಬೇಕು. ದೃಶ್ಯ ದಾಖಲಿಸುವ ಡಬ್ಬಿಯ, ಅಂದರೆ ಡಿವಿಆರ್‌ನ ಡಿಸ್ಕು ತುಂಬಿದ ಕೂಡಲೇ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಕೆಲವು ಕಡೆ ವಾರಕ್ಕೇ ಅಳಿಸಿಹೋಗುತ್ತದೆ. ‘ಇಂತಿಂಥ ದಿನದ್ದು ಅಳಿಸದಂತೆ ಇಡಿ’ ಎಂದು ಕೇಳಿಕೊಳ್ಳಿ, ಯಾವ ಮನೆ, ಯಾವ ಅಂಗಡಿ ಎಂದು ತನಿಖಾಧಿಕಾರಿಗೆ ಪಟ್ಟಿ ಕೊಡಿ. ಡಿವಿಆರ್ ಪರದೆಯ ಗಡಿಯಾರಕ್ಕೂ ನಿಮ್ಮ ಮೊಬೈಲಿನ ಗಡಿಯಾರಕ್ಕೂ ಎಷ್ಟು ನಿಮಿಷ ವ್ಯತ್ಯಾಸ ಎಂದು ಗುರುತು ಹಾಕಿಕೊಳ್ಳಿ, ಬಹಳ ಕಡೆ ಹೊಂದುವುದಿಲ್ಲ. ವಾಟ್ಸಾಪ್‌ನಲ್ಲಿ ತರಿಸಿಕೊಂಡ ತುಣುಕು ಪೊಲೀಸರಿಗೆ ಸುಳಿವಾಗಬಹುದು, ಕೋರ್ಟಿಗೆ ಮೂಲದಿಂದ ತೆಗೆದ ಪ್ರತಿಯೂ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕು. ಅದನ್ನು ಪೊಲೀಸರೇ ಮಾಡಿಸಿಕೊಳ್ಳುತ್ತಾರೆ.

ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕೆಂದು ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸಬೇಕೆಂದು 193ನೇ ಕಲಮಿದೆ. ಪೊಲೀಸರು ಸ್ಥಳ ನೋಡಿ ಬರೆಯುವ ಮಹಜರಿಗೆ ಸಹಿ ಹಾಕುವ ಮುಂಚೆ ಎಲ್ಲಿಂದ ಒಳಗೆ ಬಂದರು, ಏನೇನು ಒಡೆದಿದೆ ಎಂಬುದು ಸರಿಯಾಗಿ ಬಂದಿದೆಯೇ ಓದಿಸಿ ಕೇಳಿ.

ನಿಮ್ಮಂಥ ಸ್ಥಿತಿಯಲ್ಲಿ ಇನ್ನು ಮುಂದೆ ಯಾರೇ ಇದ್ದರೂ ಮೊದಲ ಗಂಟೆಯಲ್ಲಿ ಮಾಡಬೇಕಾದ್ದು: ಒಳಗೆ ಹೋಗದೆ ಅಂಗಳದಲ್ಲೇ ನಿಂತು 112ಕ್ಕೆ ಫೋನು. ಕಳ್ಳ ಇನ್ನೂ ಹಿತ್ತಲಲ್ಲಿ ಇರಬಹುದು. ಬೀದಿಯವರೆಲ್ಲ ಬಂದು ‘ಅಯ್ಯೋ ಪಾಪ’ ಎಂದು ಬೀರು ಮುಟ್ಟಿ ನೋಡುವುದು ನಮ್ಮ ಕಡೆ ಅಭ್ಯಾಸ. ಬೀರುವಿನ ಬಣ್ಣದ ತಗಡು, ಸ್ಟೀಲ್ ಡಬ್ಬಿ, ಗಾಜು, ಟೈಲ್ಸ್ ಇವೇ ಬೆರಳಚ್ಚು ಚೆನ್ನಾಗಿ ಸಿಗುವ ಜಾಗ. ಹತ್ತು ಜನರ ಕೈ ಬಿದ್ದರೆ ಅದು ಹೋಯಿತು, ನೂರು ಹೆಜ್ಜೆ ತುಳಿದ ಮೇಲೆ ಶ್ವಾನಕ್ಕೂ ವಾಸನೆಯ ಜಾಡು ಸಿಗದು. ಒಬ್ಬ ಹಿರಿಯರನ್ನು ಗೇಟಿನಲ್ಲಿ ನಿಲ್ಲಿಸಿ, ಬಂದವರಿಗೆ ಅಲ್ಲೇ ಕುರ್ಚಿ ಹಾಕಿ. ಬೆರಳಚ್ಚಿನವರು ಬಂದು ಹೋಗುವವರೆಗೆ ನೆಲ ಒರೆಸಬೇಡಿ, ಬಿದ್ದ ಬಟ್ಟೆ ಮಡಿಸಬೇಡಿ. ಮನೆಯವರ ಬೆರಳಚ್ಚು ಕೇಳಿದರೆ ಬೇಜಾರು ಬೇಡ, ನಿಮ್ಮದನ್ನು ಬಿಟ್ಟು ಉಳಿದದ್ದು ಯಾರದೆಂದು ತಿಳಿಯಲು ಅದು ಬೇಕು. ಮಕ್ಕಳಿಗೆ ಹಾಲು, ತಿಂಡಿ ಪಕ್ಕದ ಮನೆಯಲ್ಲಾಗಲಿ. ಮಹಜರು ಮುಗಿದ ದಿನವೇ ಬಾಗಿಲು ಸರಿಮಾಡಿಸಿ, ಮನೆಯ ಒಳಗು ನೋಡಿಕೊಂಡು ಹೋದವರು ಮತ್ತೆ ಬಂದದ್ದುಂಟು. ಕೀಲಿ ತೂಗುಹಾಕುವ ಮೊಳೆಗಳನ್ನೂ ಎಣಿಸಿ. ಸ್ಕೂಟರಿನ ಎರಡನೇ ಕೀಲಿ, ಬ್ಯಾಂಕ್ ಲಾಕರಿನ ಕೀಲಿ ಹೋಗಿರುವುದು ಎಷ್ಟೋ ಮನೆಯಲ್ಲಿ ತಿಂಗಳ ಮೇಲೆ ಗೊತ್ತಾಗುತ್ತದೆ.

ಮಾಂಗಲ್ಯದ ವಿಷಯಕ್ಕೆ ಯಾರಾದರೂ ಅಪಶಕುನ ಎಂದಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ತಾಳಿ ಇಲ್ಲದಾಗ ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಳ್ಳುವುದು ನಮ್ಮ ಹಿರಿಯರೇ ಮಾಡಿಟ್ಟ ದಾರಿ. ಚಿನ್ನ ಅನುಕೂಲವಾದಾಗ ಮಾಡಿಸಿದರಾಯಿತು. ಸಮಾರಾಧನೆ ನಿಲ್ಲಿಸಬೇಡಿ. ಮಹಜರು ಮುಗಿದ ಮೇಲೆ ಅಡ್ಡಿಯಿಲ್ಲ. ನಾಲ್ಕು ಪಲ್ಯ ಎರಡಾಗಲಿ, ನೂರು ಜನ ಇಪ್ಪತ್ತಾಗಲಿ. ಗಂಗೆಯ ಗಿಂಡಿ ಪೂಜೆ ಮಾಡಿ ಕಾಶಿ ದಾರ ಹಂಚಿ. ಆ ಮನೆಗೆ ಮತ್ತೆ ನಿಮ್ಮವರ ಕಾಲು, ನಿಮ್ಮವರ ಮಾತು ತುಂಬುವುದು ಈಗ ಬೇಕಾಗಿರುವುದೇ.

ಪ್ರಶ್ನೆ: ನಮ್ಮ ಒಡವೆಗಳಲ್ಲಿ ಅರ್ಧ ಅತ್ತೆಯವರ ಕಾಲದ್ದು. ಬಿಲ್ ಇಲ್ಲ. ಬಿಲ್ ಇಲ್ಲದ ಚಿನ್ನಕ್ಕೆ ದೂರು ಕೊಟ್ಟರೆ ತೊಂದರೆ ಅಂತ ನೆಂಟರು ಹೆದರಿಸುತ್ತಿದ್ದಾರೆ. ಸಿಕ್ಕರೂ ಕೋರ್ಟಲ್ಲಿ ವರ್ಷಗಟ್ಟಲೆ ಕೊಳೆಯುತ್ತೆ ಅಂತಾರೆ, ನಿಜವಾ?
— ಕೋಲಾರ, ಟೇಕಲ್ ರಸ್ತೆ

ಉತ್ತರ: ಬಿಲ್ ಇಲ್ಲ ಎಂಬ ಕಾರಣಕ್ಕೆ ದೂರು ಬಿಡಬೇಡಿ. ಅಜ್ಜಿಯಿಂದ ಬಂದ ಬಳೆಗೆ ಬಿಲ್ ಎಲ್ಲಿಂದ ಬರಬೇಕು? ಅದರ ಬದಲಿಗೆ ಬೇರೆ ಪುರಾವೆ ಕೂಡಿಸಬೇಕು, ಅಷ್ಟೇ. ಎಲ್ಲಕ್ಕಿಂತ ಒಳ್ಳೆಯದು ಮೈಮೇಲಿದ್ದಾಗಿನ ಫೋಟೋ. ಮದುವೆ, ಸೀಮಂತ, ಗೃಹಪ್ರವೇಶದ ಆಲ್ಬಮ್ ತೆಗೆಯಿರಿ. ಹಿಂದಿನ ಪ್ರವಾಸಗಳಲ್ಲಿ ತೆಗೆದ ಮೊಬೈಲ್ ಫೋಟೋ ಇನ್ನೂ ಉಪಯುಕ್ತ, ಯಾಕೆಂದರೆ ಅದರೊಳಗೆ ತೆಗೆದ ತಾರೀಖು ಇರುತ್ತದೆ. ಹೋದ ವರ್ಷ ಧರ್ಮಸ್ಥಳದಲ್ಲಿ ನಿಂತು ತೆಗೆಸಿಕೊಂಡ ಚಿತ್ರದಲ್ಲಿ ಕತ್ತಿನ ಅವಲಕ್ಕಿ ಸರ ಕಂಡರೆ, ಆ ದಿನಕ್ಕೆ ಅದು ನಿಮ್ಮ ಬಳಿ ಇತ್ತು ಎಂದಾಯಿತು. ಆ ಫೈಲನ್ನು ವಾಟ್ಸಾಪ್‌ನಲ್ಲಿ ದಾಟಿಸಬೇಡಿ, ಗಾತ್ರ ಕುಗ್ಗಿ ಅದರೊಳಗಿನ ವಿವರ ಕಳೆದುಹೋಗುತ್ತದೆ. ಫೋನಿನಿಂದ ನೇರವಾಗಿ ಪೆನ್‌ಡ್ರೈವ್‌ಗೆ ಹಾಕಿ.

ಯಾವಾಗಲಾದರೂ ಒಡವೆ ಅಡವಿಟ್ಟಿದ್ದಿರಾ? ಹಾಗಿದ್ದರೆ ಆ ಬ್ಯಾಂಕು ಅಥವಾ ಸೊಸೈಟಿಯ ಅಡವು ಚೀಟಿಯಲ್ಲಿ ಒಡವೆಯ ಹೆಸರು, ಎಣಿಕೆ, ತೂಕ ಬರೆದಿರುತ್ತಾರೆ. ಇಷ್ಟು ಗಟ್ಟಿ ಕಾಗದ ಬೇರೆ ಸಿಗುವುದು ಕಷ್ಟ. ಬೆಸೆದುಕೊಟ್ಟ, ಪಾಲಿಶ್ ಮಾಡಿಕೊಟ್ಟ ಆಚಾರಿಯ ಹೇಳಿಕೆಯೂ ನಡೆಯುತ್ತದೆ. ಇತ್ತೀಚೆಗೆ ಕೊಂಡ ಒಡವೆಯಾದರೆ 2023ರ ಏಪ್ರಿಲ್ 1ರಿಂದ ಮಾರುವ ಹಾಲ್‌ಮಾರ್ಕ್ ಚಿನ್ನಕ್ಕೆ ಆರು ಅಂಕಿ-ಅಕ್ಷರಗಳ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ ಕಡ್ಡಾಯ. ಬಿಲ್ ಕಳೆದಿದ್ದರೆ ಅಂಗಡಿಯವರನ್ನು ಕೇಳಿ, ಫೋನ್ ನಂಬರಿನ ಮೇಲೆ ಹುಡುಕಿ ಪ್ರತಿ ಕೊಡುತ್ತಾರೆ. ಉಳಿದಿರುವ ಒಡವೆಗಳ ಎಚ್‌ಯುಐಡಿಯನ್ನು ಭೂತಗನ್ನಡಿಯಿಂದ ಓದಿ ಇವತ್ತೇ ಬರೆದಿಡಿ.

ಕೋರ್ಟಿನಲ್ಲಿ ಕೊಳೆಯುತ್ತದೆ ಎನ್ನುವುದು ಅರ್ಧ ಸತ್ಯ. ವಿಚಾರಣೆಗೆ ವರ್ಷಗಳಾಗಬಹುದು, ಒಡವೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಪೊಲೀಸರು ಮಾಲು ವಶಪಡಿಸಿಕೊಂಡು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಿದ ಮೇಲೆ ನೀವು ಮಧ್ಯಂತರ ವಶಕ್ಕೆ ಅರ್ಜಿ ಹಾಕಬಹುದು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 451 ಮತ್ತು 457ರಲ್ಲಿತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 497 ಮತ್ತು 503ನೇ ಕಲಮು. ಚಿನ್ನಾಭರಣವನ್ನು ಫೋಟೋ ಮತ್ತು ಪಂಚನಾಮೆ ಮಾಡಿಸಿ, ಮುಚ್ಚಳಿಕೆ ಬರೆಸಿಕೊಂಡು ಬೇಗ ಮಾಲೀಕರಿಗೆ ಕೊಡಬೇಕೆಂದು 2002ರಲ್ಲೇ ಸುಪ್ರೀಂ ಕೋರ್ಟ್ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಅರ್ಜಿಯ ಜೊತೆ ಎಫ್‌ಐಆರ್ ಪ್ರತಿ, ವಸ್ತುಗಳ ಪಟ್ಟಿ, ಫೋಟೋ, ಗುರುತಿನ ಚೀಟಿ, ಪ್ರಮಾಣಪತ್ರ (ಅಫಿಡವಿಟ್) ಇರಲಿ. ಒಂದು ಎಚ್ಚರ: ಹೀಗೆ ಬಿಡಿಸಿಕೊಂಡದ್ದನ್ನು ಕೋರ್ಟಿನ ಅನುಮತಿಯಿಲ್ಲದೆ ಮಾರುವಂತಿಲ್ಲ, ಕರಗಿಸಿ ಬೇರೆ ಮಾಡಿಸುವಂತಿಲ್ಲ, ಕರೆದಾಗ ತಂದು ತೋರಿಸಬೇಕು.

ಕಳ್ಳರು ಕರಗಿಸಿಬಿಟ್ಟಿದ್ದರೆ ಸಿಗುವುದು ಗಟ್ಟಿ. ಒಂದೇ ಗಟ್ಟಿಯಲ್ಲಿ ಮೂರು ಮನೆಯ ಚಿನ್ನ ಇದ್ದರೆ ಹಂಚಿಕೆಯನ್ನು ಕೋರ್ಟೇ ತೀರ್ಮಾನಿಸುತ್ತದೆ. ಆಗ ನಿಮ್ಮ ಪಟ್ಟಿಯಲ್ಲಿನ ತೂಕ ಮಾತ್ರ ನಿಮ್ಮ ಪರವಾಗಿ ಮಾತಾಡುವುದು.

ಪ್ರಶ್ನೆ: ಬೀರುವಿನಲ್ಲಿದ್ದ ಬ್ಯಾಗನ್ನೇ ಎತ್ತಿಕೊಂಡು ಹೋಗಿದ್ದಾರೆ. ಸೈಟಿನ ಮೂಲ ಕ್ರಯಪತ್ರ, ಮಗನ ಪಾಸ್‌ಪೋರ್ಟ್, ಚೆಕ್‌ಬುಕ್, ಹಳೆ ಮೊಬೈಲು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಎಲ್ಲ ಅದರಲ್ಲೇ ಇತ್ತು. ಯಾವುದು ಮೊದಲು?
— ನಿವೃತ್ತ ಶಿಕ್ಷಕರು, ಚಿಂತಾಮಣಿ

ಉತ್ತರ: ಹಣ ಹರಿದುಹೋಗುವ ದಾರಿಗಳನ್ನು ಮೊದಲು ಮುಚ್ಚಿ, ಮೇಷ್ಟ್ರೇ. ಚೆಕ್‌ಬುಕ್ಕಿನ ಉಳಿದ ಹಾಳೆಗಳ ನಂಬರು ಬ್ಯಾಂಕಿಗೆ ಕೊಟ್ಟು ‘ಪಾವತಿ ನಿಲ್ಲಿಸಿ’ ಎಂದು ಲಿಖಿತವಾಗಿ ಹೇಳಿ, ಸಹಿ ಮಾಡಿಟ್ಟ ಖಾಲಿ ಹಾಳೆ ಇದ್ದರಂತೂ ಈ ಗಂಟೆಯೇ. ಎಟಿಎಂ ಕಾರ್ಡ್ ಇದ್ದರೆ ಅದೂ ಬಂದ್. ಹಳೆ ಮೊಬೈಲಿನಲ್ಲಿ ಸಿಮ್ ಇದ್ದರೆ ಅದೇ ನಂಬರಿನ ಹೊಸ ಸಿಮ್ ಮೊದಲು ಪಡೆಯಿರಿ, ಮುಂದಿನ ಕೆಲಸಕ್ಕೆಲ್ಲ ಒಟಿಪಿ ಅದಕ್ಕೇ ಬರಬೇಕು. ಆಮೇಲೆ ಸಂಚಾರ್ ಸಾಥಿ ಜಾಲತಾಣದಲ್ಲಿ ದೂರಿನ ಪ್ರತಿ ಹಾಕಿ ಫೋನಿನ ಗುರುತಿನ ಸಂಖ್ಯೆ, ಅಂದರೆ ಐಎಂಇಐ ಬ್ಲಾಕ್ ಮಾಡಿಸಿ. ಆ 15 ಅಂಕಿ ಫೋನಿನ ಡಬ್ಬಿಯ ಮೇಲೆ, ಕೊಂಡ ಬಿಲ್ಲಿನ ಮೇಲೆ ಇರುತ್ತದೆ. ಖಾತೆಯಿಂದ ಹಣ ಹೋಗಿದ್ದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪಾಸ್‌ಪೋರ್ಟ್‌ಗೆ ‘ರೀ-ಇಶ್ಯೂ’ ಅರ್ಜಿ ಹಾಕಬೇಕು, ಹೊಸ ಅರ್ಜಿಯಲ್ಲ. ಇಲ್ಲಿ ಹಲವರು ತಪ್ಪುತ್ತಾರೆ. ಎಫ್‌ಐಆರ್‌ನಲ್ಲಿ ಪಾಸ್‌ಪೋರ್ಟ್ ನಂಬರು ಇರುವಂತೆ ನೋಡಿಕೊಳ್ಳಿ. ನಂಬರು ನೆನಪಿಲ್ಲದಿದ್ದರೆ ಹಳೆಯ ವಿಮಾನ ಟಿಕೆಟು, ವೀಸಾ ಅರ್ಜಿಯ ಪ್ರತಿ ಹುಡುಕಿ. ಕಳೆದಿದೆ ಎಂದು ದಾಖಲಾದ ಪಾಸ್‌ಪೋರ್ಟ್ ಮುಂದೆ ಸಿಕ್ಕರೂ ಅದರಲ್ಲಿ ಪ್ರಯಾಣ ಮಾಡಕೂಡದು, ಒಪ್ಪಿಸಿಬಿಡಬೇಕು. ಅದರಲ್ಲಿ ಚಾಲ್ತಿ ವೀಸಾ ಇದ್ದರೆ ಆ ದೇಶದ ದೂತಾವಾಸಕ್ಕೂ ತಿಳಿಸಬೇಕು.

ಕ್ರಯಪತ್ರ ಹೋದರೆ ಸೈಟು ಹೋಗುವುದಿಲ್ಲ. ನೋಂದಣಿಯಾದ ಪತ್ರದ ದಾಖಲೆ ಉಪನೋಂದಣಾಧಿಕಾರಿ ಕಚೇರಿಯಲ್ಲಿದೆ. ಅಲ್ಲಿಂದ ಅಥವಾ ಕಾವೇರಿ ಆನ್‌ಲೈನ್‌ನಲ್ಲಿ ದೃಢೀಕೃತ ನಕಲು ಪಡೆಯಿರಿ. ಜೊತೆಗೆ ಒಂದು ಋಣಭಾರ ಪತ್ರ (ಇ.ಸಿ.) ತೆಗೆಸಿ, ಮೂರು ತಿಂಗಳಿಗೊಮ್ಮೆ ಮತ್ತೆ ತೆಗೆಸಿ ನೋಡಿ, ಯಾರಾದರೂ ಆಟ ಆಡಿದ್ದರೆ ಅದರಲ್ಲಿ ಕಾಣುತ್ತದೆ. ಮುಂದೆ ಮಾರುವಾಗ, ಸಾಲ ತೆಗೆಯುವಾಗ ಮೂಲ ಪತ್ರ ಎಲ್ಲಿ ಎಂದು ಕೇಳುತ್ತಾರೆ. ಅದಕ್ಕೆ ಎಫ್‌ಐಆರ್, ದಿನಪತ್ರಿಕೆಯಲ್ಲಿ ಕೊಟ್ಟ ಪ್ರಕಟಣೆ, ಪತ್ತೆಯಾಗಿಲ್ಲ ಎಂಬ ಪೊಲೀಸ್ ಪತ್ರ ಮೂರನ್ನೂ ಈಗಲೇ ಒಂದು ಕಡತದಲ್ಲಿ ಇಡಿ. ಜಮೀನಿನ ಪಹಣಿಗೆ ಹೆದರಬೇಡಿ, ಅದು ಭೂಮಿ ತಂತ್ರಾಂಶದಲ್ಲಿ ಎಂದೂ ಸಿಗುತ್ತದೆ. ಅಂಕಪಟ್ಟಿಯ ಎರಡನೇ ಪ್ರತಿಗೆ ಓದಿದ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ, ಅದಕ್ಕೆ ಆತುರವಿಲ್ಲ.

ಪ್ರಶ್ನೆ: ಮನೆಗೆ ವಿಮೆ ಇದೆ. ಬ್ಯಾಂಕ್ ಸಾಲದ ಜೊತೆ ಮಾಡಿಸಿದ್ದರು. ಕಳವಿಗೆ ಬರುತ್ತಾ?
— ಗೌರಿಬಿದನೂರು

ಉತ್ತರ: ಪಾಲಿಸಿಯ ಹೆಸರು ನೋಡಿ. 2021ರ ಏಪ್ರಿಲ್‌ನಿಂದ ಬಂದಿರುವ ‘ಭಾರತ್ ಗೃಹ ರಕ್ಷಾ’ ಆಗಿದ್ದರೆ ಅದರ ಮೂಲ ರಕ್ಷಣೆ ಬೆಂಕಿ, ಭೂಕಂಪ, ನೆರೆಯಂಥದ್ದಕ್ಕೆ. ಅಂಥ ಅನಾಹುತ ಆಗಿ, ಅದರಿಂದಾಗಿ 7 ದಿನದೊಳಗೆ ಕಳವಾದರೆ ಮಾತ್ರ ಅದರಲ್ಲಿ ಬರುತ್ತದೆ. ಬೀಗ ಒಡೆದ ಮಾಮೂಲಿ ಕಳವಿಗೆ ‘ಬರ್ಗ್ಲರಿ’ ರಕ್ಷಣೆ ಬೇರೆ ಸೇರಿಸಿರಬೇಕು, ಒಡವೆಗೆ ಪಟ್ಟಿ ಸಮೇತ ಇನ್ನೂ ಬೇರೆ. ಅದು ಇದ್ದರೆ ಕಂಪನಿಗೆ ಇವತ್ತೇ ತಿಳಿಸಿ, ಸರ್ವೇಯರ್ ಬರುವ ಮುಂಚೆ ಒಡೆದ ಬಾಗಿಲಿನ ಫೋಟೋ ಹತ್ತಿರದಿಂದ, ದೂರದಿಂದ ತೆಗೆದಿಡಿ. ಬಲವಂತವಾಗಿ ಒಳನುಗ್ಗಿದ ಗುರುತು ಇಲ್ಲದಿದ್ದರೆ ಇಂಥ ಪಾಲಿಸಿಗಳಲ್ಲಿ ಹಣ ಸಿಗುವುದಿಲ್ಲ. ಪ್ರವಾಸ ಹೋಗುವವರು ಗಮನಿಸಬೇಕಾದ ಷರತ್ತು ಇನ್ನೊಂದಿದೆ: ಮನೆ ಸತತವಾಗಿ ಇಷ್ಟು ದಿನ ಖಾಲಿ ಬಿದ್ದರೆ ರಕ್ಷಣೆ ಇಲ್ಲ ಎಂದು ಹಲವು ಪಾಲಿಸಿಗಳಲ್ಲಿ ಬರೆದಿರುತ್ತದೆ, ಕೆಲವದರಲ್ಲಿ ಅದು ಏಳೇ ದಿನ. ಹೊರಡುವ ಮುಂಚೆ ಕಂಪನಿಗೆ ಬರೆದು ಒಪ್ಪಿಗೆ ಪಡೆದಿದ್ದರೆ ಬಚಾವು. ಕಳ್ಳ ಪತ್ತೆಯಾಗದಿದ್ದರೆ ಪೊಲೀಸರು ಕೋರ್ಟಿಗೆ ಕೊಡುವ ‘ಸಿ’ ವರದಿಯ ಪ್ರತಿಯನ್ನು ಕಂಪನಿ ಕೇಳುತ್ತದೆ.

ಪ್ರಶ್ನೆ: ಎರಡು ಸಾವಿರ ರೂಪಾಯಿ ಬೀಗ ಹಾಕಿದ್ದೆ. ಬೀಗ ಹಾಗೇ ಇದೆ, ಬಾಗಿಲು ಮಾತ್ರ ತೆರೆದುಕೊಂಡಿದೆ! ಯಾವ ಬೀಗ ಹಾಕಬೇಕು ಹೇಳಿ.
— ರೇಷ್ಮೆ ರೀಲರ್, ಶಿಡ್ಲಘಟ್ಟ

ಉತ್ತರ: ತಪ್ಪು ಬೀಗದ್ದಲ್ಲ. ಹೆಚ್ಚಿನ ಮನೆಗಳಲ್ಲಿ ಮುರಿಯುವುದು ಬೀಗವಲ್ಲ, ಬೀಗ ಹಿಡಿದುಕೊಂಡಿರುವ ಮರ. ಚೌಕಟ್ಟಿನಲ್ಲಿ ಬೀಗದ ನಾಲಿಗೆ ಕೂರುವ ತೂತಿನ ಆಚೆಗೆ ಉಳಿಯುವುದು ಅರ್ಧ ಇಂಚು ಮರ. ಅದರ ಮೇಲಿನ ತಗಡಿಗೆ ಎರಡು, ಒಂದೊಂದು ಇಂಚಿನ ಸ್ಕ್ರೂ. ಸಂದಿಯಲ್ಲಿ ರಾಡು ತೂರಿಸಿ ಒಮ್ಮೆ ಮೀಟಿದರೆ ಮರ ಸೀಳುತ್ತದೆ. ಹೊರಗಿನ ಚಿಲಕವೂ ಅಷ್ಟೇ, ಸಣ್ಣ ಸ್ಕ್ರೂಗಳ ಮೇಲೆ ನಿಂತಿರುತ್ತದೆ.

ಹೀಗೆ ಮಾಡಿಸಿ. ಚೌಕಟ್ಟಿನ ಬೀಗದ ಬದಿಗೆ 2 ಅಡಿ ಉದ್ದ, ಒಂದೂವರೆ ಇಂಚು ಅಗಲ, 5 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ. ನಾಲಿಗೆಗೆ ಬೇಕಾದಷ್ಟೇ ತೂತು. ಪಟ್ಟಿಗೆ 3 ಇಂಚಿನ ಸ್ಕ್ರೂ, ನಾಲ್ಕು ಬೆರಳಿಗೊಂದರಂತೆ. ಮೊದಲು 3 ಮಿ.ಮೀ. ಬಿಟ್‌ನಿಂದ ತೂತು ಹೊಡೆದು ಆಮೇಲೆ ಸ್ಕ್ರೂ ತಿರುಗಿಸಬೇಕು, ಹಾಗೇ ಬಡಿದರೆ ಒಣಗಿದ ಹೊನ್ನೆ, ಬೇವು ಅಲ್ಲೇ ಬಿರಿಯುತ್ತದೆ. ಚೌಕಟ್ಟೇ ಗೋಡೆಯಿಂದ ಅಲ್ಲಾಡುತ್ತಿದ್ದರೆ ಪಟ್ಟಿ ಹಾಕಿ ಪ್ರಯೋಜನವಿಲ್ಲ. ಮೊದಲು ಎರಡೂ ಬದಿಗೆ ಮೂರು ಮೂರು ಕಡೆ 10 ಮಿ.ಮೀ. ಆಂಕರ್ ಬೋಲ್ಟು ಗೋಡೆಗೆ ಬಿಗಿಸಿ. ಹೊರಗಿನ ಚಿಲಕವನ್ನು ಸ್ಕ್ರೂ ಬದಲು ಬಾಗಿಲನ್ನು ಹಾದುಹೋಗುವ ಬೋಲ್ಟಿನಿಂದ ಹಾಕಿ, ನಟ್ಟು ಒಳಗಡೆ ಇರಲಿ. ನೇತಾಡುವ ಬೀಗವೇ ಬೇಕಾದರೆ ಕೊಂಡಿ ಹೊರಗೆ ಹೆಚ್ಚು ಕಾಣದ, ರಾಡು ತೂರದಂಥದ್ದನ್ನು ಆರಿಸಿ. ಹಳೆ ಮನೆಯ ಎರಡು ಕದದ ಬಾಗಿಲಾದರೆ, ನಿಂತ ಕದದ ಕೆಳಗಿನ ಬೋಲ್ಟು ನೆಲದೊಳಗೆ ಒಂದೂವರೆ ಇಂಚಾದರೂ ಇಳಿಯಬೇಕು. ಬಹಳ ಕಡೆ ಅದು ಕಾಲಿಂಚು ಇಳಿದಿರುತ್ತದೆ, ತೂತಿನಲ್ಲಿ ಕಸ ತುಂಬಿ.

ಹಿತ್ತಲ ಬಾಗಿಲಿಗೆ ಹೊರಗಿನಿಂದ ಬೀಗ ಬೇಡವೇ ಬೇಡ. ಗೋಡೆಯಿಂದ ಗೋಡೆಗೆ ಅಡ್ಡ ಅಗುಳಿ, ನಮ್ಮ ಅಜ್ಜಂದಿರ ಮನೆಯಲ್ಲಿದ್ದ ಹಾಗೆ. ಮಾಳಿಗೆಗೆ ಹೋಗುವ ಮೆಟ್ಟಿಲ ಮೇಲಿನ ಬಾಗಿಲನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಮಳೆಗೆ ಉಬ್ಬಿದ ಪ್ಲೈವುಡ್ ಆಗಿರುತ್ತದೆ, ಪಕ್ಕದ ಮನೆಯ ತಾರಸಿಯಿಂದ ದಾಟಿ ಬಂದು ಒಂದು ಒದೆ ಕೊಟ್ಟರೆ ಸಾಕು. ಅಲ್ಲಿ ಕಬ್ಬಿಣದ ಬಾಗಿಲೇ ಆಗಲಿ. ಕಿಟಕಿಯ ಸರಳು ಮರದ ಚೌಕಟ್ಟಿಗೆ ಸ್ಕ್ರೂ ಹಾಕಿದ್ದಾದರೆ ಕಿತ್ತು ಬರುತ್ತದೆ. ಗೋಡೆಯೊಳಗೆ ಕಾಂಕ್ರೀಟಿನಲ್ಲಿ ಹೂತ ಕಂಬಿಗೆ ವೆಲ್ಡ್ ಆಗಿರಬೇಕು, ಸರಳಿನ ನಡುವೆ 4 ಇಂಚಿಗಿಂತ ಹೆಚ್ಚು ಸಂದು ಬೇಡ.

ಕ್ಯಾಮೆರಾ ಹಾಕಿಸುವುದಾದರೆ ಡಿವಿಆರ್ ಟಿವಿಯ ಕೆಳಗಿಡಬೇಡಿ, ಕಳ್ಳರು ಅದನ್ನೂ ಹೊತ್ತೊಯ್ಯುತ್ತಾರೆ. ಸಜ್ಜದ ಮೇಲೆ ಡಬ್ಬಿಗಳ ಹಿಂದಿರಲಿ, ಗಾಳಿ ಆಡುವಂತೆ. ಮೀಟರ್ ಬೋರ್ಡ್ ಹೊರಗಿದ್ದರೆ ಫ್ಯೂಸ್ ಕಿತ್ತ ಕೂಡಲೇ ಎಲ್ಲವೂ ಕುರುಡು, ಆದ್ದರಿಂದ ಡಿವಿಆರ್‌ಗೂ ವೈಫೈ ಡಬ್ಬಿಗೂ ಒಂದು ಸಣ್ಣ ಯುಪಿಎಸ್ ಬೇಕು.

ಪ್ರಶ್ನೆ: ಅಪ್ಪ ಹೋದ ಮೇಲೆ ಅಮ್ಮ ಎಲ್ಲಿಗೂ ಹೊರಟಿರಲಿಲ್ಲ. ಒತ್ತಾಯ ಮಾಡಿ ರಾಮೇಶ್ವರ, ಕನ್ಯಾಕುಮಾರಿಗೆ ಕರೆದುಕೊಂಡು ಹೋದೆ. ಐದು ದಿನ ಮಗುವಿನ ಹಾಗೆ ಖುಷಿಯಾಗಿದ್ದರು. ಬಂದಾಗ ಮನೆ ಕಳವಾಗಿತ್ತು. ಮೂರು ವಾರವಾಯಿತು, ರಾತ್ರಿ ನಾಲ್ಕೈದು ಸಲ ಎದ್ದು ಬಾಗಿಲು ನೋಡುತ್ತಾರೆ. ‘ನಾನು ಹೋಗದೇ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ’ ಅಂತ ಒಂದೇ ಮಾತು. ಪ್ರವಾಸದ ಫೋಟೋ ತೋರಿಸಿದರೆ ಮುಖ ತಿರುಗಿಸುತ್ತಾರೆ.
— ಮಗಳು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉತ್ತರ: ನಿಮ್ಮ ಅಮ್ಮ ರಾತ್ರಿ ಎದ್ದು ಬಾಗಿಲು ನೋಡುವುದನ್ನು ತಡೆಯಬೇಡಿ, ‘ಏನೂ ಆಗಲ್ಲ ಮಲಗಮ್ಮ’ ಎಂದು ಗದರಲೂ ಬೇಡಿ. ಗೊತ್ತಿಲ್ಲದ ಕೈ ತನ್ನ ಸೀರೆಗಳ ನಡುವೆ ತಡಕಾಡಿದೆ ಎಂಬುದು ಹೋದ ಚಿನ್ನಕ್ಕಿಂತ ಹೆಚ್ಚು ನೋಯಿಸುತ್ತದೆ. ಮೊದಲ ಕೆಲವು ವಾರ ನಿದ್ದೆ ಬಾರದಿರುವುದು, ಸದ್ದಿಗೆ ಬೆಚ್ಚುವುದು ಸಹಜ.

ಮಾಡಬಹುದಾದದ್ದು ಬಹಳಷ್ಟಿದೆ. ರಾತ್ರಿ ಬೀಗ ಹಾಕುವ ಕೆಲಸ ಅವರದೇ ಆಗಲಿ. ಮುಂಬಾಗಿಲು, ಹಿತ್ತಲು, ಮಾಳಿಗೆ, ಗ್ಯಾಸು, ಇದೇ ಸರದಿಯಲ್ಲಿ ಇಬ್ಬರೂ ಒಟ್ಟಿಗೆ ಒಂದು ಸುತ್ತು ಬಂದು, ಬಾಯಿಬಿಟ್ಟು ‘ಹಾಕಾಯ್ತು’ ಎಂದು ಹೇಳಿ ಮಲಗಿ. ನಡುರಾತ್ರಿ ಎಚ್ಚರವಾದಾಗ ಆ ಮಾತು ನೆನಪಿಗೆ ಬರುತ್ತದೆ. ಬಡಗಿ ಬಂದಾಗ ಅವರನ್ನು ಎದುರಿಗೆ ಕೂರಿಸಿ, 3 ಇಂಚಿನ ಸ್ಕ್ರೂ ಒಳಗೆ ಹೋಗುವುದನ್ನು ಅವರು ಕಣ್ಣಾರೆ ನೋಡಲಿ, ಆ ಬಾಗಿಲನ್ನು ಅವರೇ ಎಳೆದು ನೋಡಲಿ. ಕಳ್ಳ ಮುಟ್ಟಿದ ಬಟ್ಟೆಯನ್ನೆಲ್ಲ ಒಗೆದು ಮಡಿಸಿ. ಬೀರುವಿನ ಜಾಗ, ಮಂಚದ ದಿಕ್ಕು ಬದಲಿಸಿ, ಮಂಚದಿಂದ ಬಾಗಿಲು ಕಾಣುವಂತಿರಲಿ. ತಲೆದೆಸೆಯಲ್ಲಿ ಒಂದು ಟಾರ್ಚು, ಪಕ್ಕದ ಮನೆಯವರ ನಂಬರು ದೊಡ್ಡ ಅಕ್ಷರದಲ್ಲಿ. ಸಂಜೆ ಆರರ ನಂತರ ಕಳವಿನ ಮಾತು ಬೇಡ. ನೋಡಲು ಬಂದ ನೆಂಟರು ಮತ್ತೆ ಮೊದಲಿಂದ ಕೇಳಿದರೆ ನೀವೇ ಉತ್ತರ ಕೊಟ್ಟು ಮುಗಿಸಿ.

‘ನಾನು ಹೋಗದಿದ್ದರೆ’ ಎಂಬ ಮಾತಿಗೆ ವಾದ ಮಾಡಿ ಗೆಲ್ಲಲಾಗದು. ಆದರೆ ಅವರ ಲೆಕ್ಕ ಎಲ್ಲಿ ತಪ್ಪಿದೆ ಎಂಬುದು ನಿಮಗೆ ಗೊತ್ತಿರಲಿ. ಮನೆ ಖಾಲಿ ಎಂದು ಕಳ್ಳರಿಗೆ ತಿಳಿಯುವುದು ಬೀದಿಯಿಂದ: ಐದು ದಿನ ಬಾಗಿಲಿಗೆ ನೀರು ಬಿದ್ದಿಲ್ಲ, ರಂಗೋಲಿ ಇಲ್ಲ, ಗೇಟಿನಲ್ಲಿ ಪೇಪರ್ ಬಿದ್ದಿದೆ, ಹೊರಗೆ ಬೀಗ ನೇತಾಡುತ್ತಿದೆ, ಹಗಲಲ್ಲೂ ದೀಪ ಉರಿಯುತ್ತಿದೆ. ಮದುವೆಗೆ ಹೋಗಿದ್ದರೂ ಆಸ್ಪತ್ರೆಯಲ್ಲಿದ್ದರೂ ಈ ಗುರುತುಗಳು ಹಾಗೇ ಇರುತ್ತಿದ್ದವು. ಸರಿಪಡಿಸಬೇಕಾದದ್ದು ಇವು, ಅವರು ರಾಮೇಶ್ವರಕ್ಕೆ ಹೋದದ್ದಲ್ಲ.

ಫೋಟೋಗಳನ್ನು ಈಗ ತೋರಿಸಬೇಡಿ. ಅಳಿಸಲೂ ಬೇಡಿ, ಹೆಚ್ಚುವರಿ ಪ್ರತಿ ಮಾಡಿಡಿ. ಹದಿನೈದು ದಿನ ಬಿಟ್ಟು ಒಂದೇ ಒಂದನ್ನು, ಸಮುದ್ರದ ಮುಂದೆ ಅವರು ನಗುತ್ತಿರುವುದನ್ನು ಕಾಗದದ ಮೇಲೆ ಹಾಕಿಸಿ ದೇವರ ಮನೆಯ ಹೊರಗೋಡೆಗೆ ತೂಗುಹಾಕಿ, ಏನೂ ಹೇಳಬೇಡಿ. ರಾಮೇಶ್ವರದ ತೀರ್ಥ ತಂದಿದ್ದರೆ ಅವರ ಕೈಯಿಂದಲೇ ನಾಲ್ಕು ಮನೆಗೆ ಕೊಡಿಸಿ. ಕೊಡುವಾಗ ಇಪ್ಪತ್ತೆರಡು ಬಾವಿಯ ನೀರು ಹೇಗಿತ್ತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಮಾತು ಅವರ ಬಾಯಿಂದ ಬರಲಿ.

ಒಂದು ತಿಂಗಳಾದರೂ ನಿದ್ದೆ ಹತ್ತದಿದ್ದರೆ, ಊಟ ಬಿಟ್ಟರೆ, ಒಬ್ಬರೇ ಮನೆಯಲ್ಲಿರಲು ಅಂಜಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನು ಮಾಡಿ. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ ಇದ್ದವರಾದರೆ ಅದನ್ನೂ ತೋರಿಸಿ, ನಿದ್ದೆಗೆಟ್ಟರೆ ಎರಡೂ ಏರುತ್ತವೆ. ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕೊಡಬೇಡಿ, ರಾತ್ರಿ ಎದ್ದಾಗ ತೂಕಡಿಕೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯವಿದೆ.

ದೂರಿನ ಬಗ್ಗೆ ನಿಮ್ಮೂರಿಗೆ ಸಂಬಂಧಿಸಿದ ಒಂದು ಮಾತು: ಕೆಜಿಎಫ್‌ಗೆ ಕೋಲಾರದಿಂದ ಬೇರೆಯಾದ ಪೊಲೀಸ್ ವರಿಷ್ಠಾಧಿಕಾರಿ ಕಚೇರಿ ಇದೆ. ಠಾಣೆಯಲ್ಲಿ ಕೆಲಸ ನಿಂತಿದೆ ಅನಿಸಿದರೆ ಅರ್ಜಿ ಅಲ್ಲಿಗೆ ಹೋಗಬೇಕು.

ಪ್ರಶ್ನೆ: ಬೇಸಿಗೆ ರಜಕ್ಕೆ ಮತ್ತೆ ಹೊರಡಬೇಕು. ಒಂದು ಸಲ ಪೆಟ್ಟು ತಿಂದಾಗಿದೆ. ಹೊರಡುವ ಮುಂಚೆ ಏನೇನು?
— ಕ್ಯಾತಸಂದ್ರ

ಉತ್ತರ: ಒಡವೆ ಲಾಕರಿಗೆ. ಬ್ಯಾಂಕಿನ ತಪ್ಪಿನಿಂದ, ಕಳವಿನಿಂದ ಲಾಕರಿನ ವಸ್ತು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ ಎಂದು 2022ರ ಜನವರಿಯಿಂದ ರಿಸರ್ವ್ ಬ್ಯಾಂಕ್ ನಿಯಮವಿದೆ. ಬಾಡಿಗೆ 2,000 ರೂಪಾಯಿಯಾದರೆ 2 ಲಕ್ಷ. ಆದ್ದರಿಂದ ಒಳಗಿಟ್ಟದ್ದರ ಫೋಟೋ, ತೂಕದ ಪಟ್ಟಿ ಮನೆಯಲ್ಲಲ್ಲದೆ ಬೇರೆಡೆಯೂ ಇರಲಿ.

ಠಾಣೆಗೆ ಹೋಗಿ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಮನೆಗೆ ಬೀಗ ಎಂದು ಬರೆದುಕೊಟ್ಟು, ಬೀಟ್ ಪೊಲೀಸರ ನಂಬರು ತೆಗೆದುಕೊಳ್ಳಿ. ಹಾಲು, ಪೇಪರ್ ನಿಲ್ಲಿಸಿ. ಮನೆಗೆಲಸದವರಿಗೆ ಅಥವಾ ಪಕ್ಕದ ಅಕ್ಕನಿಗೆ ದಿನಾ ಬಾಗಿಲಿಗೆ ನೀರು ಹಾಕಿ ಒಂದೆಳೆ ರಂಗೋಲಿ ಬಿಡಲು ಹೇಳಿ. ಅದಕ್ಕೆ ಕೊಡುವ ಇನ್ನೂರು ಮುನ್ನೂರು ರೂಪಾಯಿ ಯಾವ ಕ್ಯಾಮೆರಾಕ್ಕೂ ಕಡಿಮೆಯಲ್ಲ. ಗೇಟಿನ ಬೀಗ ಒಳಮುಖವಾಗಿರಲಿ. ಹೊರಗಿನ ದೀಪಕ್ಕೆ ಕತ್ತಲಾದಾಗ ತಾನೇ ಹತ್ತಿ ಬೆಳಕಾದಾಗ ಆರುವ ಸೆನ್ಸರ್ ಬಲ್ಬು, ಒಳಗಿನ ಒಂದು ದೀಪಕ್ಕೆ ಟೈಮರ್. ಕೀಲಿಯನ್ನು ಹೂಕುಂಡದ ಕೆಳಗೆ, ಮೀಟರ್ ಡಬ್ಬಿಯಲ್ಲಿ, ಚಪ್ಪಲಿ ಗೂಡಿನಲ್ಲಿ ಇಡಬೇಡಿ. ಅಕ್ಕಿ ಡಬ್ಬಿ, ಹಾಸಿಗೆಯಡಿ, ದೇವರ ಪೆಟ್ಟಿಗೆ, ಸೀರೆಯ ಮಡಿಕೆ, ಇವು ಕಳ್ಳರು ಮೊದಲು ನೋಡುವ ಜಾಗಗಳು. ಬೀರುವಿನಲ್ಲಿ ಏನೂ ಇಲ್ಲದಿದ್ದರೆ ಕೀಲಿಯನ್ನು ಬೀರುವಿಗೇ ಬಿಟ್ಟು ಹೋಗಿ, ಬೀರುವಾದರೂ ಉಳಿಯುತ್ತದೆ.

ಫೋಟೋಗಳನ್ನು ಸ್ಟೇಟಸ್‌ಗೆ ಹಾಕುವುದು ಮನೆಗೆ ಬಂದು ಬಾಗಿಲು ತೆರೆದ ಮೇಲೆ. ಹೊರಡುವ ಬೆಳಿಗ್ಗೆ ಮಾತ್ರ ಮೊಬೈಲಿನಲ್ಲಿ ಒಂದು ವಿಡಿಯೊ ಮಾಡಿಕೊಳ್ಳಿ: ಪ್ರತಿ ಕೋಣೆ, ತೆರೆದ ಬೀರು, ಟಿವಿಯ ಹಿಂದಿನ ಸೀರಿಯಲ್ ನಂಬರು, ಕೊನೆಗೆ ಬೀಗ ಹಾಕುವ ಕೈ. ಎರಡು ನಿಮಿಷದ ಕೆಲಸ, ಮಗನಿಗೋ ಮಗಳಿಗೋ ಈಮೇಲ್‌ನಲ್ಲಿ ಕಳಿಸಿ ಬಸ್ಸು ಹತ್ತಿ.